ಎರಡು ತಿದ್ದುಪಡಿ, ಒಂದು ಫ್ಲೆಕ್ಸ್

ಸುದ್ದಿ ನಿಜವೋ ಸುಳ್ಳೋ ಎಂದು ಅಳೆದು ಸುರಿದು ನೋಡಿದ ವಾರವೇ ನಾನು ಸಿಕ್ಕಿಬೀಳುತ್ತೇನೆ. ನೋಡದೆ ಬರೆದ ವಾರ ಏನೂ ಆಗುವುದಿಲ್ಲ.

ಕುಂದಲಹಳ್ಳಿಯ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ವಾರಪತ್ರಿಕೆಯ ಆಫೀಸು. ನಾಟಕ, ಸಂಗೀತ, ಚಿತ್ರಕಲೆ ಎಲ್ಲದಕ್ಕೂ ವರದಿಗಾರ ನಾನೊಬ್ಬನೇ. ವರ್ತೂರಿನಾಚೆ ಹಳ್ಳಿಯಲ್ಲಿ ಬೆಳೆದವನು. ಸುತ್ತಮುತ್ತ ಯಾರ ಮನೆಯಲ್ಲಿ ಹಾರ್ಮೋನಿಯಂ ಇದೆ, ಅದರಲ್ಲಿ ಎಷ್ಟು ಸ್ವರದ ಮನೆ ಕೆಟ್ಟಿದೆ ಅನ್ನೋದು ನನಗೆ ಗೊತ್ತಿರುವಷ್ಟು ಇನ್ನೊಬ್ಬನಿಗೆ ಗೊತ್ತಿಲ್ಲ. ಇದನ್ನು ಇಂಟರ್‌ವ್ಯೂನಲ್ಲೇ ಹೇಳಿದ್ದೆ. ಸಂಪಾದಕಿ ಮೇಡಂ ಪೂರ್ತಿ ಕೇಳಿ, ಒಂದು ಫಾರಂ ಕೊಟ್ಟರು. ಹೇಳಿದವರು ಯಾರು, ಅವರಿಗೆ ಸಂಬಂಧವಿಲ್ಲದ ಇನ್ನೊಬ್ಬರು ಏನಂದರು, ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಿರಾ, ಹೀಗೆ ಪ್ರತಿ ಸುದ್ದಿಗೂ ತುಂಬಬೇಕು. ಆರು ತಿಂಗಳು ನೋಡುತ್ತಾರಂತೆ. ಅಷ್ಟರಲ್ಲಿ ಮೂರು ತಿದ್ದುಪಡಿ ಅಚ್ಚಾದರೆ ಮನೆಗೆ.

ನಾನು ಮೊದಲ ವಾರವೇ ಊರಿನ ಟೀ ಅಂಗಡಿಯಲ್ಲಿ ಕೆಲಸ ಪರ್ಮನೆಂಟ್ ಆಯ್ತು ಅಂದುಬಿಟ್ಟಿದ್ದೆ.

ನವಿಲು

ಪಟ್ಟಂದೂರು ಅಗ್ರಹಾರದ ಕಡೆ ಒಂದು ಕಂಪನಿಯಲ್ಲಿ ನೌಕರರ ಚಿತ್ರಪ್ರದರ್ಶನ. ಒಬ್ಬ ಮ್ಯಾನೇಜರ್ ಕೊಡ ಹೊತ್ತ ಹೆಂಗಸನ್ನೂ ಪಕ್ಕದಲ್ಲೊಂದು ನವಿಲನ್ನೂ ಬರೆದಿದ್ದರು. ಸ್ವಂತ ಕಲ್ಪನೆ ಅಂದರು. ನಾನು ನಂಬುವ ಆಸಾಮಿಯಲ್ಲ. ಫೋಟೋ ಕೊಟ್ಟರೆ ಅದೇ ಚಿತ್ರ ಬೇರೆಲ್ಲಿದೆ ಅಂತ ಕಂಪ್ಯೂಟರ್ ಹುಡುಕಿಕೊಡುವುದು ಆಗಷ್ಟೇ ಬಂದಿತ್ತು. ಮೂರು ಸಲ ಹುಡುಕಿದೆ, ಎಲ್ಲೂ ಇಲ್ಲ. ‘ಅಪೂರ್ವ ಕಲ್ಪನಾಶಕ್ತಿ’ ಅಂತ ಧೈರ್ಯವಾಗಿ ಬರೆದೆ.

ಪತ್ರಿಕೆ ಬಂದ ಮಾರನೆಯ ದಿನ ಒಂದನೇ ತಾರೀಖು. ಕಸ ಗುಡಿಸುವ ಅಕ್ಕ ನನ್ನ ಕುರ್ಚಿಯ ಹಿಂದಿನ ಕ್ಯಾಲೆಂಡರಿನ ಹಾಳೆ ತಿರುವಿದರು. ಅದೇ ಹೆಂಗಸು, ಅದೇ ಕೊಡ, ಅದೇ ನವಿಲು. ಚಿತ್ರದ ಕೆಳಗೆ ಅಚ್ಚಾಗಿದ್ದ ಬೇಕರಿಯ ಹೆಸರೊಂದನ್ನು ಮಾತ್ರ ಮ್ಯಾನೇಜರ್ ಬಿಟ್ಟಿದ್ದರು.

ಸಂಬಂಧವಿಲ್ಲದ ಇನ್ನೊಬ್ಬರು

ಒಂದು ತಿದ್ದುಪಡಿ ಆಯಿತಲ್ಲ, ಎರಡನೆಯದು ಬಾರದಂತೆ ನೋಡಿಕೊಳ್ಳೋಣ ಅಂತ ನಮ್ಮ ಕಡೆಯ ಕಲಾವಿದರನ್ನೇ ಹಿಡಿದೆ. ಪೌರಾಣಿಕ ನಾಟಕದಲ್ಲಿ ನಲವತ್ತು ವರ್ಷ ದುಶ್ಯಾಸನನ ಪಾತ್ರ ಮಾಡಿದ್ದೇನೆ ಅಂದರು ಒಬ್ಬ ಅಜ್ಜ. ಮೀಸೆಯೂ ಹಾಗೇ ಇತ್ತು.

ಇನ್ನು ಅವರಿಗೆ ಸಂಬಂಧವಿಲ್ಲದ ಇನ್ನೊಬ್ಬರು ಬೇಕು. ಆ ಊರಲ್ಲಿ ಮೊದಲು ಸಿಕ್ಕವರು ಭಾವಮೈದ, ಎರಡನೆಯವರು ಬೀಗರು, ಮೂರನೆಯವರು ಬೀಗರ ಬೀಗರು. ಮಧ್ಯಾಹ್ನದ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಒಬ್ಬ ಮುದುಕ ಸಿಕ್ಕ. ನಂಗೂ ಅವ್ನಿಗೂ ಏನೂ ಸಂಬಂಧ ಇಲ್ಲ, ದುಶ್ಯಾಸನ ಅಂದ್ರೆ ಅವ್ನೇ, ಅಂತ ಆಣೆ ಮಾಡಿದ. ಬರೆದುಕೊಂಡು ಹೊರಟರೆ ಹಿಂದಿನಿಂದ ಕೂಗಿದ.

“ನೀನ್ ಯಾರ್ ಮಗ್ನಪ್ಪಾ?”

ಹೇಳಿದೆ.

“ಅಂಗಾದ್ರೆ ಅವ್ನು ನಿಂಗೇ ಸೋದರಮಾವ ಆಗ್ಬೇಕಲ್ಲೋ, ನಿಮ್ಮಜ್ಜಿ ಕಡೆಯಿಂದ.”

ಫಾರಮ್ಮಿನಲ್ಲಿ ವರದಿಗಾರನ ಸಂಬಂಧ ಕೇಳುವ ಕಾಲಂ ಇರಲಿಲ್ಲ, ಬಚಾವಾದೆ ಅಂದುಕೊಂಡೆ. ಸುದ್ದಿ ಬಂದ ದಿನವೇ ಅಜ್ಜನ ಹೆಂಡತಿ ಆಫೀಸಿಗೆ ಬಂದರು, ಕೈಯಲ್ಲಿ ಹಳೇ ಫೋಟೋ. ಅಜ್ಜ ಸೀರೆಯುಟ್ಟು, ಮೊಣಕಾಲುದ್ದ ಜಡೆ ಬಿಟ್ಟು ನಿಂತಿದ್ದಾರೆ.

“ಅವ್ರ ದ್ರೌಪದಿ ನೋಡೇ ನಾನು ಮದ್ವೆಗೆ ಒಪ್ಕೊಂಡಿದ್ದು ಮೇಡಂ,” ಅಂದರು. “ಈಗ ಮೀಸೆ ಬಂದೈತೆ ಅಂತ ಸುಳ್ಳೇಳೋದಾ?”

ಮುಂದಿನ ವಾರ ಅಚ್ಚಾಯಿತು: ‘ಅವರು ಸೀರೆ ಎಳೆಯುವ ಪಾತ್ರವಲ್ಲ, ಎಳೆಸಿಕೊಳ್ಳುವ ಪಾತ್ರ ಮಾಡುತ್ತಿದ್ದರು ಎಂದು ಓದಿಕೊಳ್ಳಬೇಕಾಗಿ ವಿನಂತಿ.’

ಎಂಟನೆಯವರು

ಆರು ತಿಂಗಳು ಮುಗಿಯಲು ಮೂರು ವಾರ ಬಾಕಿ. ಊಟ ಸೇರುತ್ತಿರಲಿಲ್ಲ. ಆಫೀಸಿನ ಫೋನ್ ಹೊಡೆದರೆ ಸಾಕು, ಮೂರನೆಯ ತಿದ್ದುಪಡಿಯೇ ಬಂತು ಅನ್ನಿಸುತ್ತಿತ್ತು. ಆಗ ಮೇಡಂ ದೊಡ್ಡ ಕೆಲಸ ಕೊಟ್ಟರು. ರಸ್ತೆ ರಸ್ತೆಯ ಫ್ಲೆಕ್ಸುಗಳಲ್ಲಿ ಕಲಾವಿದರ ಹೆಸರಿನ ಮುಂದೆ ‘ಡಾ.’ ಇದೆಯಲ್ಲ, ಆ ಡಾಕ್ಟರೇಟು ಕೊಟ್ಟವರು ಯಾರು, ಪತ್ತೆ ಮಾಡಿ. ಓದುಗರಿಗೂ ಫೋಟೋ ಕಳಿಸಿ ಅಂದೆವು.

ಕುಂದಲಹಳ್ಳಿಯಿಂದ ವರ್ತೂರಿನವರೆಗೆ ಕ್ಯಾಮೆರಾ ಹಿಡಿದು ಅಲೆದೆ. ಏಳು ಜನ ಸಿಕ್ಕರು. ಅವರು ಹೇಳಿದ ವಿಶ್ವವಿದ್ಯಾಲಯಗಳಿಗೆಲ್ಲ ಫೋನ್ ಮಾಡಿದೆ. ಐದು ಕಡೆ ನಮಗೆ ಗೊತ್ತೇ ಇಲ್ಲ ಅಂದರು, ಎರಡು ಕಡೆ ಫೋನ್ ಎತ್ತಿದವರು ಕಲ್ಯಾಣ ಮಂಟಪದವರು. ಇಂಥ ತನಿಖೆ ಈ ಭಾಗದಲ್ಲಿ ಯಾರೂ ಮಾಡಿರಲಿಲ್ಲ, ಈಗಲೂ ಹೇಳುತ್ತೇನೆ.

ಸೋಮವಾರ ಬೆಳಗ್ಗೆ ಮೇಡಂ ಕರೆದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಓದುಗರೊಬ್ಬರು ಎಂಟನೆಯ ಫ್ಲೆಕ್ಸ್ ಕಳಿಸಿದ್ದರು. ಕಪ್ಪು ಕನ್ನಡಕ, ಕಿವಿಯಲ್ಲಿ ಮೊಬೈಲು. ‘ನಮ್ಮೂರ ಹೆಮ್ಮೆ, ಖ್ಯಾತ ಕಲಾವಿಮರ್ಶಕ ಡಾ.’ ಅಂತಿದ್ದು, ಮುಂದೆ ನನ್ನ ಹೆಸರು. ಕೆಳಗೆ ಸಾಲಾಗಿ ನಮ್ಮೂರಲ್ಲೇ ಇರುವ ನನ್ನ ಸ್ವಂತ ಮಾವನ ಮಕ್ಕಳ ಮುಖಗಳು.

ಮೆಟ್ಟಿಲಿಗೆ ಹೋಗಿ ಅವರಲ್ಲಿ ದೊಡ್ಡವನಿಗೆ ಫೋನ್ ಮಾಡಿದೆ. ಕೆಲಸ ಪರ್ಮನೆಂಟ್ ಆಯ್ತು ಅಂತ ನೀನೇ ಅಂದ್ಯಲ್ಲ, ಅದಕ್ಕೇ ಹಾಕಿಸಿದ್ವಿ ಅಂದ. ‘ಡಾ.’ ಯಾಕೋ ಅಂದೆ.

“ಪಕ್ಕದ್ ಫ್ಲೆಕ್ಸ್‌ನೋನ್ಗೈತೆ ಮಗಾ. ನಿಂಗಿಲ್ದಿದ್ರೆ ನಮ್ ಮರ್ಯಾದೆ ಏನಾಗ್ಬೇಕು?”

ಒಳಗೆ ಬಂದೆ. ಮೇಡಂ ಫಾರಂ ತೆಗೆದಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ.

“ಈ ವ್ಯಕ್ತಿಯನ್ನ ಸಂಪರ್ಕಿಸಿದ್ರಾ?”

“ಬೆಳಗ್ಗೆಯಿಂದ ಜೊತೇಲೇ ಇದೀನಿ ಮೇಡಂ.”

“ಏನಂತಾರೆ?”

“ಡಾಕ್ಟರೇಟ್ ಇಲ್ವಂತೆ.”

“ಸಂಬಂಧವಿಲ್ಲದ ಇನ್ನೊಬ್ಬರು?”

ಈ ಭೂಮಿ ಮೇಲೆ ಅಂಥವರು ನನಗೆ ಯಾರಿದ್ದಾರೆ?

“ನಾನಿದೀನಿ, ಬರ್ಕೊಳ್ಳಿ,” ಅಂದರು ಮೇಡಂ. “ನಿಮ್ಮ ಮಾರ್ಕ್ಸ್ ಕಾರ್ಡ್ ನೋಡಿದೀನಿ.”

ಎಂಟು ಹೆಸರೂ ಅಚ್ಚಾದವು, ಮೊದಲನೆಯದು ನನ್ನದೇ. ಆಮೇಲಿನ ವಾರವೆಲ್ಲ ಫೋನಿನ ಪಕ್ಕದಲ್ಲೇ ಕೂತಿದ್ದೆ. ಒಬ್ಬರೂ ತಿದ್ದುಪಡಿ ಕೇಳಲಿಲ್ಲ. ಆರು ತಿಂಗಳು ತುಂಬಿದ ದಿನ ಮೇಡಂ ನೇಮಕದ ಕಾಗದ ಕೊಟ್ಟು, ಒಂದೂ ತಪ್ಪಿಲ್ಲದೆ ನೀವು ಬರೆದ ಮೊದಲ ವರದಿ ಇದು ಅಂದರು.

ಕಾಗದ ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದರೆ ಹಳೆಯ ಫ್ಲೆಕ್ಸ್ ಇಲ್ಲ. ಅದೇ ಜಾಗದಲ್ಲಿ ಅದರ ಎರಡರಷ್ಟು ದೊಡ್ಡದೊಂದು ನಿಂತಿತ್ತು. ‘ತನ್ನ ಸುಳ್ಳನ್ನು ತಾನೇ ಬಯಲಿಗೆಳೆದ ದಿಟ್ಟ ಪತ್ರಕರ್ತ ಡಾ.’ ಅಂತಿದ್ದು, ಮುಂದೆ ನನ್ನ ಹೆಸರು.

ಪೇಪರಲ್ಲಿ ಬಂದಮೇಲೂ ‘ಡಾ.’ ತೆಗೆಸಿಲ್ಲವಲ್ಲೋ ಅಂತ ಮಾವನ ಮಗನ ಕೊರಳಪಟ್ಟಿ ಹಿಡಿದೆ. ಅವನು ನಿಧಾನವಾಗಿ ಬಿಡಿಸಿಕೊಂಡ.

“ಪೇಪರ್ ಯಾರ್ ಓದ್ತಾರೆ ಮಗಾ,” ಅಂದ. “ಫ್ಲೆಕ್ಸ್ ಆದ್ರೆ ಎಲ್ರೂ ಓದ್ತಾರೆ.”