ಅತ್ತೆ, ಟೈಲ್ಸು ಮತ್ತು ಎಂಬತ್ತು ಕುರಿ

ನಮ್ಮ ಸೋದರತ್ತೆಗೆ ಈ ಜಗತ್ತಿನಲ್ಲಿ ವೈರಿ ಅಂತ ಇರುವುದು ಒಂದೇ: ಟೈಲ್ಸು! ಗೋಕಾಕದಲ್ಲಿ ಬೀಗರು ಹೊಸ ಮನೆಯ ಶಾಂತಿ ಮಾಡಿದಾಗ, ಒಳಗೆ ಕಾಲಿಡದೆ ಹೊಸ್ತಿಲಲ್ಲೇ ಕುಳಿತು ನಾಲ್ಕು ಹೋಳಿಗೆ ತಿಂದ ಮಹಾತಾಯಿ ಆಕೆ. ಬಂದವರೆಲ್ಲ ಆಕೆಯನ್ನು ದಾಟಿಕೊಂಡೇ ಒಳಗೆ ಹೋದರು.

"ಒಳಗ ಬರ್ರಿ ಅಕ್ಕಾರ" ಎಂದು ಬೀಗರು ಕರೆದರೆ, "ಮುಖಾ ಕಾಣೂ ನೆಲದ ಮ್ಯಾಲ ಕಾಲ್ ಹೆಂಗ ಇಡ್ಲಿ?" ಎಂದಳು.

ಸುಮ್ಮಸುಮ್ಮನೆ ಹುಟ್ಟಿದ ವೈರವಲ್ಲ. ಹುಕ್ಕೇರಿಯಲ್ಲಿ ನಮ್ಮಣ್ಣನ ಮನೆಯ ಒದ್ದೆ ಟೈಲ್ಸಿನ ಮೇಲೆ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಎಲುಬೇನೋ ಕೂಡಿತು, ಧೈರ್ಯ ಕೂಡಲಿಲ್ಲ. ಮೂಡಲಗಿಯ ನಮ್ಮ ಹಳೆಯ ಮನೆಯಲ್ಲಿ ಆಕೆಯ ಹಾಸಿಗೆಯಿಂದ ಅಡುಗೆಮನೆಗೆ ನೆಟ್ಟಗೆ ಹತ್ತು ಹೆಜ್ಜೆ. ಅತ್ತೆ ಮಾತ್ರ ಗೋಡೆ ಹಿಡಿದು ಮೂರು ಸುತ್ತಿನ ಪ್ರಯಾಣ ಮಾಡಿ ತಲುಪುತ್ತಿದ್ದಳು. ಎಣ್ಣೆ, ಅರಿಶಿನದ ಆ ಕೈ ತಾಗಿ ತಾಗಿ ಸುಣ್ಣದ ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ ಮೂಡಿತ್ತು. ಬಂದವರೊಬ್ಬರು, "ಬಾರ್ಡರ್ ಚಂದ ಐತ್ರಿ, ಪೇಂಟರ್ ಯಾರು?" ಎಂದು ಕೇಳಿದ್ದೂ ಉಂಟು. ನನ್ನ ಹೆಂಡತಿ ಅತ್ತೆಯ ಕಡೆ ಕೈ ತೋರಿಸಿದಳು.

ಹೀಗಿರುವಾಗ ನಾವು ಹೊಲದ ದಂಡೆಗೆ ಹೊಸ ಮನೆ ಕಟ್ಟಿಸಲು ಹೊರಟೆವು. ಬೆಳಗಾವಿಯಿಂದ ಬಂದ ಆರ್ಕಿಟೆಕ್ಟ್ ಹುಡುಗಿ ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದಳು. "ನಡಮನಿ ಪೂರಾ ಬಯಲ್ರಿ. ಎಲ್ಲೂ ಅಡ್ಡಗೋಡಿ ಇಲ್ಲ. ಹೊಲದ ಕಡೆ ಪೂರಾ ಗಾಜು."

ನಾವೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ಅತ್ತೆ ಮೆಲ್ಲಗೆ ಕೇಳಿದಳು: "ಗೋಡಿ ಇಲ್ಲಂದ್ರ ನಾ ಏನ್ ಹಿಡಕೊಂಡು ಅಡ್ಡಾಡ್ಲಿ, ತಂಗಿ?"

ಅದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ, ಅತ್ತೆ ಬಿದ್ದ ಕಥೆ ಕೇಳಿಕೊಂಡು, "ಅಮ್ಮಾರ, ಟೈಲ್ಸ್ ಬ್ಯಾಡ. ಕಾಲು ಜಾರದಂಥ ಮಣ್ಣಿನ ನೆಲಾ ಮಾಡೂಣು" ಎಂದಳು.

ಮಾಡುವುದೇನು, ಮಣ್ಣು ಹರಡಿ ಬಡಿಗೆಯಿಂದ ಬಡಿದು ಮಾಡಿದರು. ನೆಲ ಒಣಗಿತು, ಬಿರುಕು ಬಿಟ್ಟಿತು. ಅಗೆದು ಮತ್ತೆ ಮಾಡಿದರು, ಮತ್ತೆ ಬಿರುಕು. ಮೂರನೆಯ ಸಲವೂ ಅದೇ ಹಾಡು. ಗಾರೆ ಕೆಲಸದ ಗೌಂಡಿ ಕರಣೆ ಕೆಳಗಿಟ್ಟು, "ಇನ್ನೊಮ್ಮಿ ಸೀಳ್ತಂದ್ರ ಟೈಲ್ಸ್ ಹಾಕಾವ್ನ ನಾ" ಎಂದು ಘೋಷಿಸಿದ.

ಮರುದಿನ ಅತ್ತೆ ಗೋಡೆ ಹಿಡಿದು ಬಂದು, ಬಿರುಕನ್ನು ಕೋಲಿನಿಂದ ಕೆದಕಿ ನೋಡಿ, "ಕುರಿ ತರಸ್ರಿ" ಎಂದಳು.

ಗೌಂಡಿ ಊಟದ ಏರ್ಪಾಡೆಂದು ತಿಳಿದು ಖುಷಿಯಾದ. ಪಾಪ!

"ಬಡಿಗಿಲೆ ಬಡದ್ರ ಮ್ಯಾಲಷ್ಟ ಗಟ್ಟಿ ಆಕ್ಕೈತಿ, ತಳಾ ಹಂಗ ಉಳೀತೈತಿ" ಎಂದು ಅತ್ತೆ ವಿವರಿಸಿದಳು. "ಹೊಲದಾಗ ಕುರಿ ನಿಂತ ಜಾಗಾ ನೋಡಿಲ್ಲೇನು? ಗುದ್ದಲಿ ಇಳ್ಯಾಂಗಿಲ್ಲ."

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಹಸಿ ಮಣ್ಣು ಹರಡಿದ್ದೇ ತಡ, ಎಂಬತ್ತು ಕುರಿ, ಹಿಂದೊಬ್ಬ ಕಂಬಳಿ ಹೊದ್ದ ಕುರಿ ಕಾಯುವ ಮುದುಕ, ಗಾಜು ಕೂರಿಸಬೇಕಿದ್ದ ಜಾಗದಿಂದ ಮೆರವಣಿಗೆಯಲ್ಲಿ ಬಂದರು. ಅತ್ತೆ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು, "ಆ ಮೂಲಿ ಬಿಟ್ರಿ ನೋಡ್ರಿ, ಮೂಲಿ ತುಳಸ್ರಿ" ಎಂದು ಅಪ್ಪಣೆ ಕೊಡುತ್ತಿದ್ದಳು. ಆರ್ಕಿಟೆಕ್ಟ್ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಣೆಕಟ್ಟಿನ ಮಣ್ಣು ಗಟ್ಟಿ ಮಾಡಲು ಕುರಿಯ ಕಾಲಿನಂಥ ಉಬ್ಬುಗಳಿರುವ ದೊಡ್ಡ ರೋಲರ್ ಇದೆ, ಅದರ ಬಗ್ಗೆ ತಾನು ಕಾಲೇಜಿನಲ್ಲಿ ಓದಿದ್ದೆ ಎಂದಳು.

"ಅಷ್ಟು ವರ್ಷ ಕಲ್ತದ್ದು ಕುರಿ ತುಳ್ಯೂದನ್ನ ಏನವಾ?" ಎಂದಳು ಅತ್ತೆ.

ಮಟ್ಟ ಮಾಡಿ, ಸೆಗಣಿ ಸಾರಿಸಿ, ತಿಂಗಳು ಕಾದೆವು. ಕೂದಲೆಳೆಯಷ್ಟೂ ಬಿರುಕಿಲ್ಲ! ಈಗ ಅದೇ ಗೌಂಡಿ ಸಂಕೇಶ್ವರದಿಂದ ಮನೆ ಕಟ್ಟಿಸುವವರನ್ನು ಕರೆತಂದು, "ಇದು ನಮ್ಮ ಕೆಲಸ್ರಿ" ಎಂದು ತೋರಿಸುತ್ತಾನೆ.

ಮನೆಶಾಂತಿಯ ದಿನ ಮೊದಲ ಎಲೆಗೆ ಆ ಕಂಬಳಿಯ ಮುದುಕನನ್ನೇ ಕೂರಿಸಿದೆವು. ಅಡುಗೆಮನೆಯಿಂದ ನನ್ನ ಹೆಂಡತಿ, "ಅತ್ತಿ, ಹೂರಣ ಹದಾ ಬಂದೈತೇನ ನೋಡಬರ್ರಿ" ಎಂದು ಕೂಗಿದಳು. ಅತ್ತೆ ಎದ್ದಳು. ರೂಢಿಯಂತೆ ಕೈ ಗೋಡೆಯ ಕಡೆ ಹೋಯಿತು. ಒಂದು ಗಳಿಗೆ ನಿಂತಳು, ಕೈ ಹಿಂದಕ್ಕೆ ತೆಗೆದುಕೊಂಡಳು. ಸೀರೆಯ ನೆರಿಗೆ ಹಿಡಿದು, ಅಷ್ಟು ಜನರ ನಡುವೆ, ನಡುಮನೆಯ ನಟ್ಟನಡುವೆ ನೆಟ್ಟಗೆ ನಡೆದುಹೋದಳು. ಕೈಯಲ್ಲಿ ಸಾರಿನ ಬಕೆಟ್ ಹಿಡಿದಿದ್ದ ನಾನು ಬಡಿಸುವುದನ್ನೇ ಮರೆತೆ. ಒಳಗಿನಿಂದ ಆಕೆಯ ದನಿ ಕೇಳಿತು: "ಇನ್ನೂ ನೀರೈತಿ, ಕೈಯಾಡಸು."

ಹೊಸ ಮನೆಗೆ ಬಂದು ವರ್ಷವಾಯಿತು. ಮೊನ್ನೆ ಗೋಡೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದೆ. ಎಲ್ಲಿಯೂ ಆ ಕಂದು ಗೆರೆ ಬಿದ್ದಿಲ್ಲ.