ಭಾವನ ಬೈ ವಾರ

ಎಲ್ಲರಿಗೂ ಶುಕ್ರವಾರದ ಮರುದಿನ ಶನಿವಾರ ಬರುತ್ತದೆ. ನಮ್ಮ ಭಾವನಿಗೆ ಮಾತ್ರ ಶನಿವಾರ ಬರುವುದು ಭಾನುವಾರ! ಇದರಲ್ಲಿ ಅವರ ತಪ್ಪು ಅಷ್ಟೇನಿಲ್ಲ. ಅಮೆರಿಕದ ಕಾಲೇಜುಗಳು ಶನಿವಾರ ಮಧ್ಯಾಹ್ನ ಫುಟ್‌ಬಾಲ್ ಆಡುತ್ತವೆ. ಆ ಹೊತ್ತಿಗೆ ಇಲ್ಲಿ ನ್ಯೂಜಿಲೆಂಡಿನಲ್ಲಿ, ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ ಭಾನುವಾರ ಬೆಳಗಾಗಿ, ನಮ್ಮಕ್ಕ ಚರ್ಚಿಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿರುತ್ತಾಳೆ. ಭಾವ ಪೈಜಾಮದ ಮೇಲೆ ಮೆರೂನ್ ಬಣ್ಣದ ಜೆರ್ಸಿ ತೊಟ್ಟು ಟೀವಿಯ ಮುಂದೆ ಶನಿವಾರ ಆಚರಿಸುತ್ತಿರುತ್ತಾರೆ. "ನಾವು ಕ್ರೈಸ್ತರು, ಗ್ರಹಚಾರ ನಂಬೋ ಹಾಗಿಲ್ಲ. ಆದ್ರೂ ನಮ್ಮನೆಗೆ ವಾರಕ್ಕೊಂದು ಸಲ ಶನಿ ಹಿಡಿಯುತ್ತೆ" ಎನ್ನುವುದು ಅಕ್ಕನ ಮಾತು.

ಅಕ್ಕ ಮತ್ತು ನಾನು ಮೈಸೂರಿನವರು. ಭಾವ ಗದಗ-ಬೆಟಗೇರಿ ಕಡೆಯವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ಜನರ ಚರ್ಮದೊಳಗಿನ ಮೂಳೆಯ ಕೂದಲೆಳೆ ಬಿರುಕು ಅವರ ಕಣ್ಣಿಗೆ ಬೀಳುತ್ತದೆ, ಅಡುಗೆಮನೆಯಲ್ಲಿ ಮೂರು ವರ್ಷದಿಂದ ಸೋರುವ ನಲ್ಲಿ ಬೀಳುವುದಿಲ್ಲ. ಅಮೆರಿಕಕ್ಕೆ ಅವರು ಈವರೆಗೆ ಕಾಲಿಟ್ಟಿಲ್ಲ. ಚೆಂಡನ್ನು ಜೀವಮಾನದಲ್ಲಿ ಒಮ್ಮೆ ಒದ್ದು, ಹೆಬ್ಬೆರಳು ಊದಿಸಿಕೊಂಡು ವಾರವೆಲ್ಲ ಕುಂಟಿದ್ದರಂತೆ. ಅದೂ ದುಂಡನೆಯ ಚೆಂಡು. ಈಗ ಅವರು ನೋಡುವ ಆಟದಲ್ಲಿ ಚೆಂಡು ಎರಡೂ ಕಡೆ ಚೂಪು, ಅದಕ್ಕೆ ಕಾಲು ತಗಲುವುದೇ ಅಪರೂಪ. ಇದಕ್ಕೆ ಫುಟ್‌ಬಾಲ್ ಎಂದು ಯಾವ ಪುಣ್ಯಾತ್ಮ ಹೆಸರಿಟ್ಟನೋ! ರಗ್ಬಿ ನೋಡಿ ಬೆಳೆದ ಪಕ್ಕದ ಮನೆಯ ನ್ಯೂಜಿಲೆಂಡ್ ಅಂಕಲ್ ಒಮ್ಮೆ ಬಂದು ಐದು ನಿಮಿಷ ನೋಡಿ, ಮೈತುಂಬ ಇಷ್ಟೊಂದು ದಿಂಬು ಕಟ್ಟಿಕೊಳ್ಳುವುದಾದರೆ ಈ ಹುಡುಗರು ಸುಮ್ಮನೆ ಮಲಗಿಬಿಡಬಾರದೇ ಎಂದು ಕೇಳಿ ಎದ್ದು ಹೋದರು.

ಹುಚ್ಚಿಗೆ ಕಾರಣವಿಲ್ಲದಿಲ್ಲ. ಅವರ ಒಬ್ಬಳೇ ಮಗಳು ರೂತ್ ಶಾಲೆಯ ದಿನಗಳಿಂದಲೂ ದೋಣಿ ಪಂದ್ಯದಲ್ಲಿ ಹುಟ್ಟು ಹಾಕುತ್ತಿದ್ದವಳು. ಅಮೆರಿಕದ ನಟ್ಟನಡುವಿನ ಒಂದು ವಿಶ್ವವಿದ್ಯಾಲಯ ಅವಳನ್ನು ಕ್ರೀಡಾ ಸ್ಕಾಲರ್‌ಶಿಪ್ ಕೊಟ್ಟು ಕರೆಯಿತು. ಓದು, ಊಟ, ವಸತಿ ಎಲ್ಲ ಅವರದು. ಇವಳು ದೋಣಿ ಓಡಿಸಿದರೆ ಸಾಕು. ಆಗ ಅಲ್ಲಿನ ಕೋಚ್ ಫೋನಿನಲ್ಲಿ ಭಾವನಿಗೆ ಒಂದು ಗುಟ್ಟು ಹೇಳಿದ್ದ. ದೋಣಿ ಪಂದ್ಯವನ್ನು ಟಿಕೆಟ್ ಕೊಂಡು ನೋಡುವವರು ಯಾರೂ ಇಲ್ಲ, ಫುಟ್‌ಬಾಲ್ ದುಡಿದು ತಂದದ್ದರಲ್ಲೇ ಉಳಿದ ಆಟಗಳೆಲ್ಲ ಬದುಕಬೇಕು ಎಂದು. ಭಾವ ಅದನ್ನು ವೇದವಾಕ್ಯ ಮಾಡಿಕೊಂಡರು.

"ಚೆಂಡು ಗೆದ್ದರ ದೋಣಿ ತೇಲತೈತಿ" ಎಂದರು. ಫುಟ್‌ಬಾಲ್ ತಂಡ ಸೋತು ಸುಣ್ಣವಾದರೆ ಮಗಳ ದೋಣಿಯೂ ಹೋಯಿತು, ಸ್ಕಾಲರ್‌ಶಿಪ್ಪೂ ಹೋಯಿತು. ಹಾಗಾಗಿ ತಂಡವನ್ನು ಗೆಲ್ಲಿಸುವ ಹೊಣೆಯನ್ನು ರೊಟೊಟೂನದ ಸೋಫಾದ ಮೇಲೆ ಕೂತು ತಾವೇ ಹೊತ್ತರು.

ಹೊತ್ತದ್ದು ಸಣ್ಣ ಹೊರೆಯಲ್ಲ. ಅಲ್ಲಿ ತಂಡಗಳೆಲ್ಲ ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಸೇರಿಕೊಂಡು ತಮ್ಮತಮ್ಮಲ್ಲೇ ಆಡುತ್ತವೆ. ನಾನು ನನ್ನೂರು ತಕಾನಿನಿಯಿಂದ ಅಕ್ಕನ ಮನೆಗೆ ಹೋದಾಗಲೆಲ್ಲ ಭಾವ ಇದನ್ನು ನನಗೆ ಬೀಗರ ಲೆಕ್ಕದಲ್ಲಿ ಬಿಡಿಸಿ ಹೇಳುತ್ತಾರೆ. ಯಾರು ಯಾರ ಮನೆ ಬಿಟ್ಟು ಯಾರ ಮನೆ ಸೇರಿದರು, ಟೀವಿಯವರು ಯಾರಿಗೆ ಹೆಚ್ಚು ವರದಕ್ಷಿಣೆ ಕೊಟ್ಟರು, ತಲೆತಲಾಂತರದಿಂದ ನೆರೆಮನೆಯವರ ಜೊತೆ ಆಡಿದವರು ಈಗ ಏಕೆ ವಿಮಾನ ಹತ್ತಿ ಇನ್ನೊಂದು ಸಮುದ್ರದ ದಡಕ್ಕೆ ಹೋಗಿ ಆಡುತ್ತಾರೆ, ಎಲ್ಲ. ಒಂದು ಗುಂಪಿನ ಹೆಸರಿನಲ್ಲಿರುವ ಸಂಖ್ಯೆಗೂ ಒಳಗಿರುವ ತಂಡಗಳಿಗೂ ತಾಳೆಯೇ ಇಲ್ಲ. ಪಂಚಪಾಂಡವರು ಎಷ್ಟು ಎಂದರೆ ಮಂಚದ ಕಾಲಿನ ಹಾಗೆ ಮೂರು ಎಂದು ಎರಡು ಬೆರಳು ತೋರಿಸಿದವನೇ ಅದಕ್ಕೆ ಹೆಸರಿಟ್ಟಿರಬೇಕು.

ಈ ಕಾನ್ಫರೆನ್ಸ್ ಒಮ್ಮೆ ಭಾವನ ನೌಕರಿಗೂ ಬಂತು. ಡಿಸೆಂಬರಿನ ಒಂದು ಭಾನುವಾರ ಡ್ಯೂಟಿ ತಪ್ಪಿಸಿಕೊಳ್ಳಬೇಕಿತ್ತು. ಸುಳ್ಳು ಹೇಳುವ ಅಭ್ಯಾಸವಿಲ್ಲದ ಭಾವ ರಜೆ ಅರ್ಜಿಯಲ್ಲಿ 'ಕಾನ್ಫರೆನ್ಸ್ ಫೈನಲ್' ಎಂದು ಇದ್ದದ್ದನ್ನೇ ಬರೆದರು. ಮೇಲಧಿಕಾರಿಣಿಗೆ 'ಫೈನಲ್' ಎಂಬುದು ಓದಲಾಗಲಿಲ್ಲವೋ ಏನೋ, ಇವರು ವೃತ್ತಿಪರ ಸಮ್ಮೇಳನಕ್ಕೆ ಹೊರಟಿದ್ದಾರೆಂದು ಸಂತೋಷಪಟ್ಟು ರಜೆ ಕೊಟ್ಟು, ಬಂದ ಮೇಲೆ ಕಲಿತದ್ದನ್ನು ಎಲ್ಲರಿಗೂ ಹೇಳಿಕೊಡಬೇಕು ಎಂದುಬಿಟ್ಟಳು. ಭಾವ ಹೇಳಿಯೂ ಹೇಳಿದರು! ಓಡುವವನ ಮೊಣಕಾಲು ಪಕ್ಕದಿಂದ ಏಟು ಬಿದ್ದಾಗ ಹೇಗೆ ತಿರುಚುತ್ತದೆ ಎಂದು ಹದಿನೈದು ನಿಮಿಷ ಮಾತಾಡಿದರು. ಇಷ್ಟು ಒಳ್ಳೆಯ ಸಮ್ಮೇಳನಕ್ಕೆ ಮುಂದಿನ ವರ್ಷವೂ ಇವರನ್ನೇ ಕಳಿಸೋಣ ಎಂದು ಸಭೆಯಲ್ಲಿ ತೀರ್ಮಾನವಾಯಿತಂತೆ.

ಮೊಣಕಾಲಿನ ಕಥೆ ಚರ್ಚಿಗೂ ಹೋಯಿತು. ಅವರ ತಂಡದಲ್ಲಿ ಚೆಂಡನ್ನು ನಿಜವಾಗಿ ಒದೆಯುವವನು ಒಬ್ಬನೇ, ಅವನ ಮೊಣಕಾಲೇ ಒಂದು ವಾರ ಕೈಕೊಟ್ಟಿತು. ಮುಂದಿನ ಭಾನುವಾರ ಆಟ ಮಧ್ಯಾಹ್ನಕ್ಕಿದ್ದುದರಿಂದ ಭಾವನೂ ಚರ್ಚಿಗೆ ಹೋಗಿದ್ದರು. ಆರಾಧನೆಯಲ್ಲಿ ಪ್ರಾರ್ಥನೆಯ ಕೋರಿಕೆಗಳಿದ್ದರೆ ಹೇಳಿ ಎಂದಾಗ ಭಾವ ಎದ್ದು ನಿಂತು, "ನಮ್ಮ ಹುಡುಗನ ಮೊಣಕಾಲಿಗೆ ಪೆಟ್ಟಾಗೈತಿ" ಎಂದು ಗದ್ಗದಿತರಾದರು. ಸಭೆಯೆಲ್ಲ ಕಣ್ಣು ಮುಚ್ಚಿ ಪ್ರಾರ್ಥಿಸಿತು. ಸಂಜೆಗೆ ಮಂಗಳೂರು ಕಡೆಯ ಆಂಟಿಯೊಬ್ಬರು ದೊಡ್ಡ ಪಾತ್ರೆಯಲ್ಲಿ ಕಾಲು ಸೂಪು ಮಾಡಿಕೊಂಡು ಬಾಗಿಲಲ್ಲಿ ನಿಂತರು. ಹುಡುಗ ಯಾವ ರೂಮಿನಲ್ಲಿ ಮಲಗಿದ್ದಾನೆ ಎಂದು ಕೇಳಿದರೆ ಅಕ್ಕ ಏನೆಂದಾಳು? ಮಲಗಿದ್ದಾನೆ ಎಂದಷ್ಟೇ ಹೇಳಿ ಕಳಿಸಿದಳು. ಅಮೆರಿಕದಲ್ಲಿ ಆಗ ರಾತ್ರಿ, ಸುಳ್ಳೇನಲ್ಲವಲ್ಲ. ಸೂಪನ್ನು ಭಾವ ಎರಡು ದಿನ ಕುಡಿದರು.

ಇಷ್ಟಾದರೂ ಅಕ್ಕ ಇವರನ್ನು ಸಹಿಸಿಕೊಂಡದ್ದು ಹೇಗೆ? ಅದಕ್ಕೆ ಬೈ ವಾರವೇ ಕಾರಣ. ಪ್ರತಿ ತಂಡಕ್ಕೂ ಋತುವಿನ ನಡುವೆ ಆಟವಿಲ್ಲದ ವಾರವೊಂದು ಸಿಗುತ್ತದೆ, ಅದನ್ನು ಇಂಗ್ಲಿಷಿನಲ್ಲಿ ಬೈ ಎನ್ನುತ್ತಾರೆ. ಭಾವ ವೇಳಾಪಟ್ಟಿಯನ್ನು ಅಚ್ಚ ಕನ್ನಡ ಲಿಪಿಯಲ್ಲೇ ಬರೆದು ಅಡುಗೆಮನೆಯಲ್ಲಿ ತೂಗುಹಾಕುವವರು. ಮೊದಲ ವರ್ಷ ಒಂದು ಭಾನುವಾರದ ಚೌಕದಲ್ಲಿ ದಪ್ಪ ಅಕ್ಷರದಲ್ಲಿ 'ಬೈ' ಎಂದಷ್ಟೇ ಬರೆದಿದ್ದರು. ಅಕ್ಕ ಅದನ್ನು ಅಪ್ಪಣೆ ಎಂದೇ ತಿಳಿದಳು! ಆ ದಿನ ಬೆಳಗಿನ ಕಾಫಿಯಿಂದ ಶುರು ಮಾಡಿ ಸಂಜೆಯ ದೀಪ ಹಚ್ಚುವವರೆಗೆ ಬೈದಳು. ಸೋರುವ ನಲ್ಲಿ, ಕತ್ತರಿಸದ ಹುಲ್ಲು, ತಪ್ಪಿಸಿದ ಮದುವೆಗಳು, ಮದುವೆಗೂ ಮುಂಚಿನ ಕೆಲವು ವಿಷಯಗಳು. ಭಾವ ಕೈಕಟ್ಟಿ ಕೇಳಿದರು. ಅಂದಿನಿಂದ ಅದೇ ಮನೆಯ ಕಟ್ಟಳೆ. ಬೇರೆ ವಾರ ಒಂದು ಮಾತೂ ಇಲ್ಲ. ಬೈಯಬೇಕಾದ್ದನ್ನೆಲ್ಲ ಫ್ರಿಜ್ಜಿನ ಮೇಲೆ ಚೀಟಿಯಲ್ಲಿ ಬರೆದಿಡುವುದು, ಬೈ ವಾರದಲ್ಲಿ ಒಟ್ಟಿಗೆ ತೀರಿಸುವುದು.

ಎರಡನೆಯ ವರ್ಷ ಭಾವನ ತಂಡ ಅವರು ಬಯಸಿದ್ದಕ್ಕಿಂತ ಚೆನ್ನಾಗಿ ಆಡಿತು. ದೊಡ್ಡ ಕಾನ್ಫರೆನ್ಸಿನವರು ಬಾ ಎಂದು ಕರೆದರು. ಭಾವ ಆಸ್ಪತ್ರೆಯಲ್ಲೂ ಚರ್ಚಿನಲ್ಲೂ ಪೇಡೆ ಹಂಚಿದರು. ತಿಂಗಳು ಕಳೆಯುವುದರೊಳಗೆ ರೂತ್ ಫೋನ್ ಮಾಡಿದಳು. ದೊಡ್ಡವರ ಜೊತೆ ಆಡಬೇಕೆಂದರೆ ಫುಟ್‌ಬಾಲಿಗೆ ಇನ್ನಷ್ಟು ಸುರಿಯಬೇಕು, ಹಾಗಾಗಿ ದೋಣಿ ತಂಡವನ್ನೇ ಮುಚ್ಚುತ್ತಿದ್ದಾರೆ. ಚೆಂಡು ಗೆದ್ದಿತು, ದೋಣಿ ಮುಳುಗಿತು. ಭಾವನ ಲೆಕ್ಕ ಹೀಗೂ ತಲೆಕೆಳಗಾಗಬಹುದೆಂದು ಯಾರಿಗೆ ಹೊಳೆದಿತ್ತು?

ರೂತ್ ವಾಪಸ್ ಬಂದು ಇಲ್ಲೇ ದಕ್ಷಿಣದ ಡನೀಡಿನ್‌ನಲ್ಲಿ ಓದಲು ಸೇರಿದಳು. ಅಮೆರಿಕದ ವಿಶ್ವವಿದ್ಯಾಲಯದ ಜರ್ಕಿನ್ನನ್ನು ಕಾರು ಒರೆಸಲು ಕೊಟ್ಟಳು. ಮತ್ತೆ ಹುಟ್ಟು ಮುಟ್ಟಲಿಲ್ಲ, ದೋಣಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ನೀರೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ. "ಕೂಸಿನ ಹೊಟ್ಟ್ಯಾಗ ಸಿಟ್ಟು ಕುಂತೈತಿ, ಅದು ಇಳೀಬೇಕು" ಎಂದು ಭಾವ ನನ್ನೊಬ್ಬಳ ಹತ್ತಿರ ಹೇಳಿದ್ದರು. ಇಷ್ಟು ಹೇಳಿದವರು ಹೊಸ ಋತು ಬಂದದ್ದೇ ಮತ್ತೆ ಅದೇ ಮೆರೂನ್ ಜೆರ್ಸಿ ತೊಟ್ಟು ಅದೇ ತಂಡದ ಆಟಕ್ಕೆ ಕೂತರು! ಅಕ್ಕನ ಚೀಟಿ ಫ್ರಿಜ್ಜಿನಿಂದ ಇಳಿದು ನೆಲ ಮುಟ್ಟುವಷ್ಟಾಯಿತು. ನನಗೂ ರೇಗಿತು, ನಿಜ ಹೇಳಬೇಕೆಂದರೆ.

ನವೆಂಬರಿನಲ್ಲಿ ಪರೀಕ್ಷೆ ಮುಗಿಸಿ ರೂತ್ ಮನೆಗೆ ಬಂದಳು. ಅದು ಬೈ ವಾರ. ಒಳ್ಳೆಯ ಬೈಗುಳ ತಪ್ಪಿಸಿಕೊಳ್ಳಬಾರದೆಂದು ನಾನೂ ಹೋಗಿದ್ದೆ. ಚರ್ಚಿನಿಂದ ಬಂದು, ಕೋಳಿ ಸಾರು ಅನ್ನ ಬಡಿಸಿಕೊಂಡು ಕೂತೆವು. ಭಾವ ಊಟದ ಪ್ರಾರ್ಥನೆ ಮಾಡಿದರು. ಕೊನೆಗೆ "ಕರ್ತನೇ, ನಮ್ಮ ಕೂಸು ಉಂಡ ಮನಿ ತಣ್ಣಗಿರಲಿ" ಎಂದರು.

ರೂತ್ ಕಣ್ಣು ತೆರೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. "ದೇ ಡಂಪ್ಡ್ ಅಸ್, ಡ್ಯಾಡ್. ವೈ ಪ್ರೇ ಫಾರ್ ದೆಮ್?"

"ಎರಡು ವರ್ಷ ನಿನಗ ಹೊತ್ತುಹೊತ್ತಿಗೆ ಅನ್ನ ಹಾಕ್ಯಾರವಾ. ಅಷ್ಟು ದೂರಕ್ಕ ನನ್ನ ಕೈ ಮುಟ್ಟತಿತ್ತೇನು? ಉಂಡ ಮನಿ ಜಂತಿ ಎಣಸಬಾರ್ದು."

ಜಂತಿ ಎಂದರೇನೆಂದು ರೂತ್ ನನ್ನನ್ನು ಕೇಳಿದಳು. ಹಳೆಯ ಮನೆಗಳ ಸೂರಿನಡಿಯ ಮರದ ತೊಲೆಗಳು. ಒಬ್ಬರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಅಲ್ಲೇ ಅಂಗಾತ ಮಲಗಿ, ತೊಲೆ ಎಷ್ಟಿವೆ, ಯಾವುದು ಸೊಟ್ಟಗಿದೆ ಎಂದು ಹುಳುಕು ಹುಡುಕಬಾರದು ಎಂದು ಬಿಡಿಸಿ ಹೇಳಿದೆ. ಅವಳು ತಲೆಯೆತ್ತಿ ನೋಡಿದಳು. ರೊಟೊಟೂನದ ಹೊಸ ಮನೆ, ಮೇಲೆ ಬಿಳಿಯ ಹಲಗೆ ಬಿಟ್ಟರೆ ಎಣಿಸಲು ಏನೂ ಇರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು.

ಅಕ್ಕ ಫ್ರಿಜ್ಜಿನ ಕಡೆ ಒಮ್ಮೆ ನೋಡಿ, ಚೀಟಿ ತೆಗೆಯದೆ ಎಲ್ಲರ ತಟ್ಟೆಗೂ ಸಾರು ಬಡಿಸಿದಳು.

"ಅಪ್ಪ, ಮುಂದಿನ ವಾರ ಆಟ ಎಷ್ಟು ಗಂಟೆಗೆ?" ಎಂದು ಕೇಳಿದಳು ರೂತ್. ಕನ್ನಡದಲ್ಲಿ.

ನಾಲ್ಕು ಕಾನ್ಫರೆನ್ಸುಗಳ ವೇಳಾಪಟ್ಟಿ ಬಾಯಿಪಾಠವಿದ್ದ ಭಾವ ಅಡುಗೆಮನೆಯಲ್ಲಿ ತೂಗುಹಾಕಿದ್ದನ್ನು ನೋಡಿ ಬರಲು ಎದ್ದರು. ಉತ್ತರ ಹೇಳಿದವಳು ಅಕ್ಕ.

"ಒಂಬತ್ತೂವರೆಗೆ" ಎಂದಳು. "ಚರ್ಚಿಗೆ ನಾನೊಬ್ಳೇ ಹೋಗ್ತೀನಿ, ನೀವಿಬ್ರೂ ನೋಡ್ಕೊಳ್ಳಿ."