ಸೋದರಮಾವನ ಕಾರು

ಈ ಸಲ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ತನ್ನ ಹೆಸರು ಯೋಗಾನಂದನೇ ಅಲ್ಲ ಎಂದು ಯೋಗಾನಂದ ಜಗಲಿಯ ಮೇಲೆ ನಿಂತು ಘೋಷಿಸಿದ. ಕೇಳಿಸಿಕೊಂಡದ್ದು ಹೆಂಡತಿ ಜ್ಯೋತಿಲಕ್ಷ್ಮಿ ಮತ್ತು ಎರಡು ಕೋಳಿ. ಕೋಳಿಗಳು ತಲೆಯೆತ್ತಿಯಾದರೂ ನೋಡಿದವು. ಜ್ಯೋತಿಲಕ್ಷ್ಮಿ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಯೋಗಾನಂದ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರು ಕಬ್ಬಾಳಿನ ಹತ್ತಿರ. ಮೂರು ತಿಂಗಳ ಹಿಂದೆ ಒಂದು ಹಳೇ ಕಾರು ಕೊಂಡು, ಕಬ್ಬಾಳಮ್ಮನ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಡಿಸಿದ್ದ. ಆ ಮಹಾರಥ ಈವರೆಗೆ ಹಾರೋಹಳ್ಳಿ ದಾಟಿರಲಿಲ್ಲ. ಈಗ ದಾಟುವ ಯೋಗ ಬಂದಿತ್ತು. ಒಬ್ಬಳೇ ತಂಗಿ ಸರಸಮ್ಮನ ಮಗಳು ಸೌಮ್ಯಳ ಮದುವೆ, ರಾಜಾಜಿನಗರದ ಛತ್ರದಲ್ಲಿ. ಸೋದರಮಾವ ಕೈಹಿಡಿದು ಕರೆತರದೆ ಅವರ ಕಡೆ ಹೆಣ್ಣು ಹಸೆಮಣೆಗೆ ಬರುವುದಿಲ್ಲ. ಸೌಮ್ಯ ಪುಟ್ಟ ಮಗುವಾಗಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಹೊಲವೆಲ್ಲ ಸುತ್ತಿಸಿದವನು ಅವನು. ಅವಳ ಕೈ ಹಿಡಿದು ಮಂಟಪಕ್ಕೆ ನಡೆಯುವ ಆ ಹತ್ತು ಹೆಜ್ಜೆಯನ್ನು ಅವನು ಜಗಲಿಯ ಮೇಲೆ ಎಷ್ಟೋ ಸಲ ನಡೆದು ನೋಡಿದ್ದ.

ಕಾರಿನ ಹಟಕ್ಕೆ ಬೇರೆ ಕಾರಣವಿತ್ತು. ಎರಡು ವರ್ಷದ ಹಿಂದೆ ಸರಸಮ್ಮನ ಮನೆಯ ಗೃಹಪ್ರವೇಶಕ್ಕೆ ಅವನು ಬಸ್ಸಿಳಿದು, ತೆಂಗಿನಕಾಯಿ ಮೂಟೆ ಹೊತ್ತು, ಬೆವರು ಸುರಿಸುತ್ತ ಹೋಗಿದ್ದ. ಗೇಟಿನಲ್ಲಿದ್ದ ಸರಸಮ್ಮನ ಗಂಡನ ಕಡೆಯವರೊಬ್ಬರು ಬಹಳ ಮರ್ಯಾದೆಯಿಂದ ಅಡುಗೆಯವರಿಗೆ ಹಿಂದಿನ ಬಾಗಿಲು ಎಂದು ತೋರಿಸಿದ್ದರು. ಆ ಬಾಗಿಲು ಅವನ ಎದೆಯಲ್ಲಿ ಇನ್ನೂ ಮುಚ್ಚಿರಲಿಲ್ಲ. ಈ ಸಲ ಛತ್ರದ ಮುಂದೆ ಕಾರು ನಿಲ್ಲಬೇಕು, ಬಾಗಿಲು ತೆರೆಯಬೇಕು, ಇಸ್ತ್ರಿ ಮುರಿಯದ ಪಂಚೆಯಲ್ಲಿ ಸೋದರಮಾವ ಇಳಿಯಬೇಕು. ಬೀಗರೆಲ್ಲ ನೋಡಬೇಕು!

ಜ್ಯೋತಿಲಕ್ಷ್ಮಿಯ ಲೆಕ್ಕ ಸರಳವಾಗಿತ್ತು. ಮೊದಲ ಬಸ್ಸಿಗೆ ಕನಕಪುರ, ಅಲ್ಲಿಂದ ಇನ್ನೊಂದು ಬಸ್ಸಿಗೆ ಊರಾಚೆಯ ಮೆಟ್ರೋ ನಿಲ್ದಾಣ, ರೈಲು ಹತ್ತಿದರೆ ನೇರ ರಾಜಾಜಿನಗರ.

"ಇನ್ನೊಂದು ಇಚಾರ ತಿಳ್ಕಳಿ," ಎಂದಳು. "ಬಸ್ಸಲ್ಲಿ ಹೋಗೋರ ಕೈಗೆ ಯಾರೂ ಮೂಟೆ ಕೊಡಾಕಿಲ್ಲ. ಕಾರಲ್ಲಿ ಹೋಗೋರಿಗೆ ಊರೇ ನೆಂಟ್ರು."

ಅವಳ ಮಾತು ಸಂಜೆಯೊಳಗೆ ನಿಜವಾಯಿತು. ಕಾರು ಬೆಂಗಳೂರಿಗೆ ಖಾಲಿ ಹೋಗುತ್ತದಂತೆ ಎಂಬ ಸುದ್ದಿ ಊರು ತುಂಬಿತು. ನಮ್ಮ ಕಡೆ ಖಾಲಿ ಕಾರು ಎಂದರೆ ಖಾಲಿ ಕೊಡದ ಹಾಗೆ, ನೋಡಿದವರು ಏನಾದರೂ ತುಂಬಿಸಲೇಬೇಕು. ಮುನಿಶಾಮಯ್ಯ ತಂಗಿ ಮನೆಗೆಂದು ಎರಡು ಹಲಸಿನಹಣ್ಣು ತಂದ. ಹಿಂದಿನ ಬೀದಿಯವರು ರಾಗಿ ಹಿಟ್ಟು ತಂದರು. ಪಕ್ಕದ ಮನೆಯ ಮಾರಕ್ಕ, ಎಪ್ಪತ್ತು ದಾಟಿದವಳು, ತನ್ನನ್ನೇ ತಂದಳು. ಬನಶಂಕರಿಯಲ್ಲಿ ಮಗಳ ಮನೆಗೆ ಬಿಟ್ಟರೆ ಸಾಕಂತೆ. ಇಲ್ಲ ಎನ್ನಬಹುದಿತ್ತು. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಎಂದು ಮುನಿಶಾಮಯ್ಯ ಅರಳಿಕಟ್ಟೆಯಲ್ಲಿ ಶುರುಮಾಡುತ್ತಾನೆಂಬ ಭಯ. ಜೊತೆಗೆ, ಊರವರು ಹೀಗೆ ಬಂದು ಕೇಳುವುದರಲ್ಲಿ ಒಂದು ಸುಖವೂ ಇತ್ತೆಂಬುದನ್ನು ಮುಚ್ಚಿಟ್ಟು ಫಲವಿಲ್ಲ.

ಮದುವೆಯ ದಿನ ಬೆಳಗ್ಗೆ ಆರಕ್ಕೆ ಹೊರಡಬೇಕಾದ ಕಾರು ಹೊರಟದ್ದು ಏಳೂಕಾಲಿಗೆ. ಮುಹೂರ್ತ ಹತ್ತೂ ಹತ್ತಕ್ಕೆ ಶುರುವಾಗಿ ಹತ್ತೂ ಐವತ್ತಕ್ಕೆ ಮುಗಿಯುವುದು. ಬೆಂಗಳೂರಿನ ಮೊದಲ ಮೆಟ್ರೋ ನಿಲ್ದಾಣ ಕಾಣುವ ಹೊತ್ತಿಗೆ ಒಂಬತ್ತಾಗಿತ್ತು, ಮುಂದೆ ವಾಹನಗಳ ಸಾಲು ಕಣ್ಣಿಗೆ ನಿಲುಕದಷ್ಟು ಉದ್ದವಿತ್ತು. ಜ್ಯೋತಿಲಕ್ಷ್ಮಿ ಸೋದರಮಾವನ ಮನೆಯ ಸೀರೆ ಬಳೆಯಿದ್ದ ಚೀಲ ಎತ್ತಿಕೊಂಡು ಬಾಗಿಲು ತೆರೆದಳು.

"ಕಾರ್ನ ಇಲ್ಲೇ ಎಲ್ಲಾರ ಬುಟ್ಟು ಬನ್ನಿ. ಮಾರಕ್ಕನ್ನೂ ರೈಲಲ್ಲೇ ಕರ್ಕೊಂಡೋಗಿ ಬನಶಂಕರೀಲಿ ಇಳಿಸಾನ."

"ಇಲ್ಲೀಗಂಟ ಕಾರಲ್ಲಿ ಬಂದು, ಛತ್ರಕ್ಕೆ ಕಾಲ್ನಡಿಗೇಲಿ ಹೋಗ್ಲಾ? ನೀನು ನಡಿ. ನಿನಗಿಂತ ಮುಂಚೆ ಗೇಟಲ್ಲಿರ್ತೀನಿ."

ಅವಳು ಚೀಲ ಹೆಗಲಿಗೇರಿಸಿಕೊಂಡಳು. ಆಮೇಲೆ ನಿಲ್ದಾಣದ ಮೆಟ್ಟಿಲು ಹತ್ತಿ ಹೋದಳು.

ಬನಶಂಕರಿಯಲ್ಲಿ ಮಾರಕ್ಕನ ಮಗಳ ಮನೆಗೆ ಗುರುತು ಹುಣಸೆಮರದ ಪಕ್ಕದ ಹಸಿರು ಗೇಟು. ಮರ ಕಡಿದು ವರ್ಷಗಳಾಗಿದ್ದವು, ಗೇಟಿಗೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಫೋನ್ ನಂಬರು ಮೊಮ್ಮಗಳ ಮೊಬೈಲಿನಲ್ಲಿತ್ತು, ಮೊಮ್ಮಗಳು ಊರಲ್ಲಿದ್ದಳು. ಇದೇ ಬೀದಿ ಮಗ, ಅಲ್ಲ ಅದು, ಎನ್ನುತ್ತ ಮಾರಕ್ಕ ಅವನನ್ನು ಒಂದೇ ದೇವಸ್ಥಾನದ ಸುತ್ತ ಮೂರು ಪ್ರದಕ್ಷಿಣೆ ಹಾಕಿಸಿದಳು. ಕೊನೆಗೆ ಅವಳ ಮಗಳೇ ಸೊಪ್ಪು ಕೊಳ್ಳಲು ಬೀದಿಗೆ ಬಂದದ್ದರಿಂದ ಬಚಾವಾದ. ಆಗ ಹತ್ತೂ ಐದು.

ಅಲ್ಲಿಂದ ಮುಖ್ಯರಸ್ತೆಗೆ ಬಂದ, ಸಿಕ್ಕಿಕೊಂಡ. ತಲೆಯ ಮೇಲೆ ಮೆಟ್ರೋ ಹಳಿ. ಅವನು ಒಂದು ಅಂಗಡಿಯ ಬೋರ್ಡಿನಿಂದ ಪಕ್ಕದ ಅಂಗಡಿಯ ಬೋರ್ಡಿಗೆ ಸರಿಯುವಷ್ಟರಲ್ಲಿ ಮೇಲೆ ಮೂರು ರೈಲು ಹೋದವು. ದಾರಿ ತೋರಿಸುತ್ತಿದ್ದ ಮೊಬೈಲು ಹದಿನೆಂಟು ನಿಮಿಷ ಎಂದಿತು, ಕಾಲು ಗಂಟೆ ಕಳೆದ ಮೇಲೂ ಹದಿನೆಂಟೇ ಎಂದಿತು. ಬಸ್ಸಾಗಿದ್ದರೆ ಇಳಿದು ಓಡಬಹುದಿತ್ತು, ಬಸ್ಸು ತನ್ನ ಪಾಡು ತಾನು ನೋಡಿಕೊಳ್ಳುತ್ತಿತ್ತು. ಕಾರನ್ನು ನಡುರಸ್ತೆಯಲ್ಲಿ ಬಿಟ್ಟು ಓಡುವ ಹಾಗಿಲ್ಲ, ಹೊತ್ತುಕೊಂಡು ಓಡುವ ಹಾಗೂ ಇಲ್ಲ. ಇಷ್ಟು ದಿನ ಕಾರು ತನ್ನದು ಅಂದುಕೊಂಡಿದ್ದ. ತಾನೇ ಕಾರಿನವನಾಗಿಬಿಟ್ಟೆನಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಹತ್ತೂ ಇಪ್ಪತ್ತಕ್ಕೆ ಜ್ಯೋತಿಲಕ್ಷ್ಮಿಯ ಫೋನು. ಎಲ್ಲಿದ್ದೀರಿ?

ಇಲ್ಲೇ, ಐದು ನಿಮಿಷ ಎಂದ.

ಹತ್ತೂವರೆಗೆ ಮತ್ತೆ ಫೋನು. ಪುರೋಹಿತರು ಸೋದರಮಾವನನ್ನು ಕರೆಯುತ್ತಿದ್ದಾರೆ, ಸೌಮ್ಯ ಎದ್ದು ನಿಂತಿದ್ದಾಳೆ. ಬಂದೇಬಿಟ್ಟೆ, ಐದೇ ನಿಮಿಷ ಎಂದ. ನಿಜ ಬಾಯಿಯವರೆಗೆ ಬಂದಿತ್ತು. ಆದರೆ ನಿಜ ಹೇಳಿದರೆ ಬೆಳಗ್ಗೆ ಅವಳು ಹೇಳಿದ್ದೇ ಸರಿ ಎಂದು ಒಪ್ಪಿದಂತಾಗುತ್ತಿತ್ತು! ಹತ್ತೂ ನಲವತ್ತಕ್ಕೂ ಅದೇ ಐದು ನಿಮಿಷ. ಆಮೇಲೆ ಫೋನು ಬರಲಿಲ್ಲ.

ಅವನು ಛತ್ರ ತಲುಪಿದ್ದು ಹನ್ನೊಂದೂವರೆಗೆ. ಒಳಗೆ ಜಾಗವಿಲ್ಲ, ಮೂರು ಬೀದಿ ಆಚೆ ನಿಲ್ಲಿಸಿ ಎಂದು ಕಾವಲುಗಾರ ಕೈ ಬೀಸಿದ. ಗೇಟಿನಲ್ಲಿ ನೋಡಲು ಯಾರೂ ಇರಲಿಲ್ಲ, ಎಲ್ಲರೂ ಊಟದ ಪಂಕ್ತಿಯಲ್ಲಿದ್ದರು. ಮೂರು ಬೀದಿ ಓಡಿ ಬಂದವನ ಪಂಚೆಯಲ್ಲಿ ಇಸ್ತ್ರಿಯ ಗುರುತೂ ಉಳಿದಿರಲಿಲ್ಲ, ಮೈಯೆಲ್ಲ ಹಲಸಿನಹಣ್ಣಿನ ವಾಸನೆ. ಮಂಟಪದಲ್ಲಿ ಸೌಮ್ಯ ಕೊರಳಲ್ಲಿ ತಾಳಿಯೊಂದಿಗೆ ಗಂಡನ ಪಕ್ಕ ನಿಂತಿದ್ದಳು. ಕಣ್ಣು ಕೆಂಪಗಿತ್ತು.

"ಐದು ನಿಮಿಷ ಅಂತಿದ್ರಲ್ಲ ಮಾವ, ಅದ್ಕೆ ಕಾಯ್ತಾನೇ ಇದ್ದೆ. ಮುಹೂರ್ತ ಮುಗಿಯೋಕೆ ಇನ್ನೆರಡೇ ನಿಮಿಷ ಉಳೀತು ಅನ್ನೋವಾಗ ಜ್ಯೋತಿ ಅತ್ತೆ ಬಂದು ಕೈ ಹಿಡಿದ್ರು."

ಅವಳು ಬಗ್ಗಿ ಕಾಲು ಮುಟ್ಟಿದಳು. ಯೋಗಾನಂದ ಅವಳ ತಲೆಯ ಮೇಲೆ ಕೈಯಿಟ್ಟ. ಆ ಹತ್ತು ಹೆಜ್ಜೆ ಹೋಗಿಬಿಟ್ಟಿತ್ತು, ಇನ್ನು ಯಾವ ದಾರಿಯಲ್ಲಿ ಬಂದರೂ ಸಿಗುವಂತಿರಲಿಲ್ಲ. ತುಸು ದೂರದಲ್ಲಿ ಜ್ಯೋತಿಲಕ್ಷ್ಮಿ ನಿಂತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಅವಳು ಬೈಯಲಿಲ್ಲ.

ಸರಸಮ್ಮ ಬಂದು, ಊಟಕ್ಕೆ ನಡಿ ಎಂದು ಅಣ್ಣನ ತೋಳು ಹಿಡಿದಳು. ಏನಾದರೂ ಹೇಳಬೇಕಲ್ಲ. ಬೇರೇನೂ ತೋಚದೆ ಯೋಗಾನಂದ ಬಾಯಿ ಬಿಟ್ಟ.

"ಕಾರು ಮೂರು ಬೀದಿ ಆಚೆ ನಿಲ್ಸಿವ್ನಿ ಸರಸಾ. ಇಲ್ಲಿ ಜಾಗ ಕೊಡ್ನಿಲ್ಲ. ಒಸಿ ಬಾ, ತೋರುಸ್ತೀನಿ."

ಸರಸಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ಲಗ್ನಪತ್ರಿಕೇಲಿ ನಿನ್ನೆಸ್ರು ಹಾಕ್ಸಿದ್ದೆ ಕಣಣ್ಣ," ಎಂದಳು. "ಕಾರಿನ್ ನಂಬರಲ್ಲ."